ಬಿಳಿಯ ಲೆಕ್ಕ

ಅಂಗೈಯಗಲದ ದಪ್ಪ ಕಾಗದ,
ಮೇಲೆ ತೆಳ್ಳಗೆ ವ್ಯಾಸಲೀನು,
ಮೂಲೆಗೊಂದು ತೂತು, ತೂತಿಗೊಂದು ದಾರ.
ಏಳು ದಿನ ಮನೆಯ ಹೊರಗೆ ನೇತಾಡಲಿ,
ಎಂಟನೆಯ ದಿನ ಭೂತಗನ್ನಡಿ ಹಿಡಿದು
ಒಂದು ಸೆಂಟಿಮೀಟರ್ ಚೌಕದಲ್ಲಿ
ಎಷ್ಟು ಚುಕ್ಕೆ ಕೂತಿವೆ, ಎಣಿಸಿ.
ಇಷ್ಟೇ ಪ್ರಾಜೆಕ್ಟು.
ಇಲ್ಲಿ ನಾವು, ದಾವಣಗೆರೆಯ ಎಂಟನೆಯ ಬಿ.
ಅಲ್ಲಿ ಪೋಲೆಂಡಿನ ಯಾವುದೋ ಕಲ್ಲಿದ್ದಲ ಊರಿನ
ಇಪ್ಪತ್ತೆರಡು ಮಕ್ಕಳು.
ನಮ್ಮ ಮೂರೂವರೆ, ಅವರ ಹನ್ನೊಂದು.

ಸುತ್ತೋಲೆಯಲ್ಲಿ 'ಜಾಗತಿಕ ಪೌರತ್ವ' ಅಂತ ದಪ್ಪಕ್ಷರ.
ಕೊಟ್ರೇಶ ಎದ್ದು ನಿಂತ:
"ಅದಕ್ಕೂ ಆಧಾರ್ ಕಾರ್ಡು ಬೇಕಾ, ಮಿಸ್?"
ನಗು ನಿಲ್ಲಿಸಲು ಡಸ್ಟರು ಬಡಿದೆ.
ಸೀಮೆಸುಣ್ಣದ ಪುಡಿ ಹಾರಿ
ನಾನೇ ಮಾದರಿಗೆಂದು ಮಾಡಿಟ್ಟ ಕಾರ್ಡಿನ ಮೇಲೆ ಕೂತಿತು.

ಎಂಟನೆಯ ದಿನ ಅಂಕಿಗಳು ಬಂದವು.
ವಿದ್ಯಾನಗರದ ನನ್ನ ಬಾಲ್ಕನಿ: ನಲವತ್ತೊಂದು.
ಕೊಟ್ರೇಶನ ಮನೆ, ಹಳೇ ಬಸ್‌ಸ್ಟ್ಯಾಂಡ್ ಹಿಂದೆ: ನೂರಾ ಆರು.
ಮಂಡಕ್ಕಿ ಭಟ್ಟಿಯ ರುಖಿಯಾ: ಹತ್ತೊಂಬತ್ತು.
ಅವಸರದಲ್ಲಿದ್ದೆ. ಟೈಪು ಮಾಡಿ ಕಳಿಸಿಬಿಟ್ಟೆ.

ಮಂಗಳವಾರ ಉತ್ತರ. ಯಗೋಡಾ ಎಂಬ ಹುಡುಗಿ,
ನಮ್ಮಷ್ಟೇ ತಡವರಿಸುವ ಇಂಗ್ಲಿಷಿನಲ್ಲಿ:
'ರುಖಿಯಾಳ ಬೀದಿ ಎಷ್ಟು ಸ್ವಚ್ಛ!
ಅಲ್ಲಿ ಕಾಡಿದೆಯೇ? ನದಿಯಿದೆಯೇ?'
ಕ್ಲಾಸು ತಿರುಗಿ ರುಖಿಯಾಳನ್ನು ನೋಡಿತು.
ರುಖಿಯಾ ಡೆಸ್ಕಿನ ಗೀರನ್ನು ನೋಡಿದಳು.

ಸಂಜೆ ಸ್ಟಾಫ್‌ರೂಮಿನ ಬಾಗಿಲಲ್ಲಿ, ಒಂದು ಕಾಲು ಒಳಗೆ:
"ಮಿಸ್, ಕಪ್ಪು ಎಣಿಸೋಕೆ ಆಗ್ಲಿಲ್ಲ. ಒಂದಕ್ಕೊಂದು ಅಂಟ್ಕೊಂಡಿತ್ತು.
ಅದಕ್ಕೇ ಬಿಳಿ ಎಲ್ಲೆಲ್ಲಿ ಉಳಿದಿದೆ, ಅದನ್ನ ಎಣಿಸಿದೆ."

ನಾನು ಕಾರ್ಡು ಕೇಳಲೇ ಇಲ್ಲವಲ್ಲ.

ಹೆಡ್ ಮಾಸ್ತರ್ ಹಾಲೇಶಪ್ಪನವರು ಕನ್ನಡಕ ಹಣೆಗೇರಿಸಿದರು:
"ಇರ್ಲಿ ಬಿಡ್ರೀ ಮೇಡಂ. ಹತ್ತೊಂಬತ್ತು ಅಂದ್ರೆ ಊರಿಗೇ ಮರ್ಯಾದೆ.
ಹೊರದೇಶದೋರ ಮುಂದೆ ಯಾಕೆ ನಮ್ಮ ಮಸಿ?"
ಅವರ ಮೇಜಿನ ಮೇಲೆ ಪೇಪರಿನ ಪೊಟ್ಟಣ,
ಅರ್ಧ ತಿಂದ ಖಾರಮಂಡಕ್ಕಿ.
ನಾನು ಅದನ್ನೇ ನೋಡಿದೆ. ಅವರೂ ನೋಡಿದರು.
ಆಮೇಲೆ ಏನೂ ಹೇಳಲಿಲ್ಲ.

ಶುಕ್ರವಾರ ಮೂರೂವರೆ.
ಕೊಟ್ರೇಶ ಪ್ರೊಜೆಕ್ಟರಿನ ವೈರು ಹಿಡಿದೇ ನಿಂತಿದ್ದ,
ಬಿಟ್ಟರೆ ಪೋಲೆಂಡ್ ಹೋಗಿಬಿಡುತ್ತದೆ.
ರುಖಿಯಾ ಎದ್ದು ಬಂದು
ಕಾರ್ಡನ್ನು ಕ್ಯಾಮೆರಾಕ್ಕೆ ಎಷ್ಟು ಹತ್ತಿರ ಹಿಡಿದಳೆಂದರೆ
ಪರದೆಯ ಮೂಲೆಯ ನಮ್ಮ ಕಿಟಕಿಯಲ್ಲಿ
ಕತ್ತಲಾಯಿತು.

ಆ ಕಡೆ ಸದ್ದಿಲ್ಲ.
ಸಿಗ್ನಲ್ ಹೋಯಿತೆಂದುಕೊಂಡೆ.
ಇಲ್ಲ, ಒಬ್ಬ ಹುಡುಗ ಮೂಗು ಉಜ್ಜಿಕೊಳ್ಳುತ್ತಿದ್ದ.
ಯಗೋಡಾ ಎದ್ದುಹೋದಳು.
ತಿರುಗಿ ಬಂದಾಗ ಕೈಯಲ್ಲಿ ಇನ್ನೊಂದು ಕಾರ್ಡು,
ಪಟ್ಟಿಗೆ ಸೇರಿಸದೆ ಬ್ಯಾಗಿನಲ್ಲೇ ಇಟ್ಟದ್ದು.
ಅಜ್ಜಿಯ ಕಲ್ಲಿದ್ದಲ ಒಲೆ, ಚಳಿಗಾಲ, ಕಿಟಕಿಯ ಹೊರಗೆ ಏಳು ದಿನ.
ಅದೂ ಹಾಗೇ. ನಮ್ಮದಕ್ಕಿಂತ ಸ್ವಲ್ಪ ಕಂದು.

"ನಿಮ್ಮದು ಯಾವುದರ ಹೊಗೆ?"

ರುಖಿಯಾಗೆ ಇಂಗ್ಲಿಷು ಸಿಗಲಿಲ್ಲ.
ಹೊಟ್ಟು, ಹಳೆ ಟೈರು, ಬೆಳಗಿನ ಜಾವದ ಮೂರು ಗಂಟೆ,
ಕಾದ ಮರಳಲ್ಲಿ ಅಬ್ಬಾನ ಜಾಲರಿ ಸೌಟು—
ಯಾವುದಕ್ಕೂ ನನಗೂ ಸಿಗಲಿಲ್ಲ.
ಅವಳು ಡಬ್ಬಿ ತೆರೆದು ಬೊಗಸೆ ತುಂಬಿಕೊಂಡು
ಬೆಳಕಿಗೆ ಹಿಡಿದಳು.
ಬೆಳ್ಳಗೆ, ಹಗುರ, ಫ್ಯಾನಿನ ಗಾಳಿಗೆ ನಾಲ್ಕು ಕಾಳು ಹಾರಿ
ಕೀಬೋರ್ಡಿನ ಸಂದಿಗೆ ಬಿದ್ದವು.
'ಇದಾ? ಅದರಿಂದ ಇದಾ?'
ಅನ್ನುತ್ತಿರುವಾಗಲೇ
ಯಗೋಡಾಳ ಬಾಯಿ ತೆರೆದ ಹಾಗೇ ನಿಂತುಬಿಟ್ಟಿತು.
ಈ ಸಲ ನಿಜಕ್ಕೂ ಸಿಗ್ನಲ್ಲು.

ವರದಿಯ ಕೊನೆಯ ಪುಟದಲ್ಲೊಂದು ಕಾಲಂ: ಕಲಿಕಾ ಫಲ.
ಎರಡು ದಿನ ಖಾಲಿ ಬಿಟ್ಟಿದ್ದೆ.
ಮೂರನೆಯ ದಿನ ಬರೆದೆ:
'ತಿದ್ದುಪಡಿ. ಕ್ರಮಸಂಖ್ಯೆ ಇಪ್ಪತ್ತೇಳು, ರುಖಿಯಾ.
ಹತ್ತೊಂಬತ್ತು ಎಂಬುದು ಬಿಳಿಯ ಲೆಕ್ಕ.
ಕಪ್ಪನ್ನು ದಯವಿಟ್ಟು
ಎರಡೂ ಕಡೆಯವರು ಕೂತು ಎಣಿಸಬೇಕು.'

'ಇ' ಅಕ್ಷರದ ಕೀಲಿ ಇನ್ನೂ
ಒತ್ತಿದರೆ ಕರುಂ ಅನ್ನುತ್ತದೆ.